ಅಡಗೂಲಜ್ಜಿಯ ಕಥೆಯೂ ವಯಸ್ಕ ವಾಚಕರೂ

ಯಾವನಾದರೊಬ್ಬನ ಮಾತು ನಂಬಲು ಯೋಗ್ಯವಲ್ಲವೆಂದು ಹೇಳಬೇಕಾದಾಗ ನಾವು 'ಅದೆಲ್ಲ ಅಡಗೂಲಜ್ಜಿಯ ಕಥೆ' ಎನ್ನುತ್ತೇವೆ. ಇನ್ನೂ ಲಘುವಾಗಿ ತಳ್ಳಿಹಾಕಬೇಕಾದರೆ 'ಕಾಗಕ್ಕ ಗುಬ್ಬಕ್ಕನ ಕಥೆ' ಎಂಬ ಮಾತು ಸಿದ್ಧವಾಗಿಯೇ ಇದೆ. ಭಾಷೆಯಲ್ಲಿ ನೆಲೆಗೊಂಡ ನುಡಿಗಟ್ಟುಗಳು ಆ ಜನದ ಮನೋಧರ್ಮಕ್ಕೆ ಸಾಕ್ಷಿಯೆಂಬುದಾದರೆ, ಮಕ್ಕಳಿಗೆ ಹೇಳುವ ಅದ್ಭುತ ಕಥೆಯ ವಿಷಯದಲ್ಲಿ ನಮಗೆ ಅಷ್ಟೇನೂ ಗೌರವವಿಲ್ಲವೆಂದೇ ತಿಳಿಯಬೇಕಾಗುತ್ತದೆ. ಆದರೆ ಇದೇ ನುಡಿಗಟ್ಟುಗಳನ್ನು ಆಡುವ ಜನವೇ ಆ ಕಥೆಗಳನ್ನು ನೂರಾರು ವರ್ಷ ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದಿದೆ ಎಂಬುದೂ ಅಷ್ಟೇ ನಿಜ. ಹೊರಗೆ ತಿರಸ್ಕಾರ, ಒಳಗೆ ಮಮತೆ—ಈ ಇಬ್ಬಗೆಯೇ ಇಂದು ಹೊಸ ರೂಪದಲ್ಲಿ ಚರ್ಚೆಗೆ ಬಂದಿರುವುದು. ಎಳೆಯರಿಗಾಗಿ ಬರೆದ ಅದ್ಭುತ ಕಾದಂಬರಿಗಳನ್ನು ಬೆಳೆದವರು ಓದಿ ಆನಂದಿಸುವುದು ಉಚಿತವೇ? ಪ್ರಶ್ನೆ ಹೊರನೋಟಕ್ಕೆ ಹಗುರವಾಗಿ ಕಾಣುತ್ತದೆ. ಪರಿಶೀಲಿಸಿದಲ್ಲಿ ಅದು ನಮ್ಮ ಭಾಷೆಯ ಓದುಗರ ನಾಳೆಗೆ ಸಂಬಂಧಿಸಿದುದೆಂದು ಗೊತ್ತಾಗುತ್ತದೆ.

ಈ ಚರ್ಚೆ ಜೋರಾಗಿ ಮೊದಲಾದುದು ಇಂಗ್ಲಿಷಿನಲ್ಲಿ. 1997ರಿಂದ 2007ರವರೆಗಿನ ಹತ್ತು ವರ್ಷಗಳಲ್ಲಿ ಜೆ. ಕೆ. ರೌಲಿಂಗ್ ಅವರ ಹ್ಯಾರಿ ಪಾಟರ್ ಮಾಲೆಯ ಏಳು ಸಂಪುಟಗಳು ಹೊರಬಂದುವು. ಈವರೆಗೆ ಅವುಗಳ 60 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ. ಇಷ್ಟು ಪ್ರತಿಗಳನ್ನು ಮಕ್ಕಳೇ ಓದಿ ಮುಗಿಸಿದರೆಂದು ಯಾರೂ ಹೇಳಲಾರರು. ಮೊದಲ ಸಂಪುಟ ಬಂದ ಮರುವರ್ಷವೇ, ಎಂದರೆ 1998ರಲ್ಲಿ, ಲಂಡನ್ನಿನ ಪ್ರಕಾಶಕರು ಅದೇ ಪುಸ್ತಕವನ್ನು ಬೇರೊಂದು ಮುಖಪುಟದೊಡನೆ ವಯಸ್ಕರಿಗಾಗಿ ಹೊರತಂದರು. ಒಳಗಿನ ಒಂದಕ್ಷರವೂ ಬದಲಾಗಿರಲಿಲ್ಲ. ಹೊರಗಿನ ಬಣ್ಣ ಮಾತ್ರ ಗಂಭೀರವಾಗಿದ್ದಿತು. ರೈಲಿನಲ್ಲಿ ಕುಳಿತು ಓದುವ ದೊಡ್ಡ ಮನುಷ್ಯನಿಗೆ ಎದುರಿನವರ ಕಣ್ಣಿನಿಂದ ಮರೆಯಾಗಲು ಒಂದು ತೆರೆ ಬೇಕಾಗಿತ್ತೆಂದು ಇದರಿಂದ ಊಹಿಸಬಹುದು. ಬೆಳೆದವರ ಕಾದಂಬರಿಗಳನ್ನು ಈ ಪುಸ್ತಕಗಳು ಪಟ್ಟಿಯಿಂದಲೇ ಹೊರದೂಡುತ್ತಿದ್ದುದರಿಂದ 2000ದಲ್ಲಿ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆ ಮಕ್ಕಳ ಪುಸ್ತಕಗಳಿಗೆಂದೇ ಪ್ರತ್ಯೇಕವಾದೊಂದು ಮಾರಾಟದ ಪಟ್ಟಿಯನ್ನು ಆರಂಭಿಸಿತು. 2012ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಸಮೀಕ್ಷೆಯಂತೆ, ಹದಿವಯಸ್ಕರಿಗಾಗಿ ಬರೆದ ಪುಸ್ತಕಗಳನ್ನು ಕೊಂಡವರಲ್ಲಿ ಶೇಕಡಾ 55ರಷ್ಟು ಮಂದಿ ಹದಿನೆಂಟು ದಾಟಿದವರು. ಅವರಲ್ಲಿ ಬಹುಪಾಲು ಮಂದಿ ಕೊಂಡದ್ದು ತಮ್ಮ ಓದಿಗಾಗಿಯೇ.

ಇದನ್ನು ಕಂಡು ಕಳವಳಗೊಂಡವರು ಸಾಮಾನ್ಯರಲ್ಲ. ಹೆರಾಲ್ಡ್ ಬ್ಲೂಮ್ 2000ದಲ್ಲಿ, ಕಾದಂಬರಿಕಾರ್ತಿ ಎ. ಎಸ್. ಬಯಟ್ 2003ರಲ್ಲಿ, ಪತ್ರಕರ್ತೆ ರುತ್ ಗ್ರಹಾಂ 2014ರಲ್ಲಿ ಬರೆದ ಲೇಖನಗಳು ಪ್ರಸಿದ್ಧವಾಗಿವೆ. ಈ ಮೂವರನ್ನೂ ಒಂದೇ ಪಕ್ಷದವರೆಂದು ಎಣಿಸುವುದು ರೂಢಿ. ಆದರೆ ಅವರ ಮಾತುಗಳನ್ನು ಬಿಡಿಸಿ ನೋಡಿದರೆ ಅಲ್ಲಿ ಎರಡು ಪಕ್ಷಗಳಿವೆ. ಬ್ಲೂಮರ ಆಕ್ಷೇಪ ಸವೆದ ಮಾತುಗಳ ಮೇಲೆ, ಬಡವಾದ ಕಲ್ಪನೆಯ ಮೇಲೆ. ಮಕ್ಕಳಿಗೆ 'ಆಲಿಸ್' ಕೊಡಿರಿ, ಅದು ಸಾಲದೇ ಎನ್ನುವ ಧೋರಣೆ ಅವರದು. ಬಯಟರು ರೌಲಿಂಗರ ಲೋಕವನ್ನು ಇತರರ ಕಥೆಗಳ ತುಣುಕುಗಳಿಂದ ಹೊಲಿದ ಕೌದಿಯೆಂಬಂತೆ ಕಂಡರೂ, ಅದೇ ಲೇಖನದಲ್ಲಿ ಅರ್ಸುಲಾ ಲೆ ಗ್ವಿನ್, ಆಲನ್ ಗಾರ್ನರ್ ಮೊದಲಾದವರು ಎಳೆಯರಿಗಾಗಿ ಬರೆದ ಅದ್ಭುತ ಕಾದಂಬರಿಗಳಲ್ಲಿ ನಿಜವಾದ ನಿಗೂಢತೆ ಇದೆಯೆಂದು ಮೆಚ್ಚುತ್ತಾರೆ. ಎಂದಮೇಲೆ ಈ ಇಬ್ಬರ ತಕರಾರು ಗುಣದ ಬಗೆಗೆ ಹೊರತು ವಯಸ್ಸಿನ ಬಗೆಗಲ್ಲ. ಗ್ರಹಾಂ ಅವರೊಬ್ಬರು ಮಾತ್ರ ವಯಸ್ಸಿನ ಗೆರೆಯನ್ನೇ ಎಳೆಯುತ್ತಾರೆ: ಎಳೆಯರ ಕಾದಂಬರಿ ಎಷ್ಟೇ ಚೆನ್ನಾಗಿರಲಿ, ಅದರ ಮುಕ್ತಾಯ ತೀರ ಸಮಾಧಾನಕರವಾದುದು, ಅದರಲ್ಲಿ ಬದುಕಿನ ದ್ವಂದ್ವಗಳಿಗೆ ಎಡೆಯಿಲ್ಲ, ಆದುದರಿಂದ ಬೆಳೆದವರು ಅದನ್ನು ಓದಲು ನಾಚಬೇಕು ಎಂಬುದು ಅವರ ವಾದದ ಸಾರ. ಗುಣದ ಪ್ರಶ್ನೆ ಬೇರೆ, ವಯಸ್ಸಿನ ಪ್ರಶ್ನೆ ಬೇರೆ. ಎರಡನ್ನೂ ಒಂದುಗೂಡಿಸುವುದರಿಂದಲೇ ಈ ಚರ್ಚೆಯಲ್ಲಿ ಬಹಳಷ್ಟು ಗೊಂದಲ ಉಂಟಾಗಿದೆ.

ವಯಸ್ಸಿನ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳೋಣ. ನಮ್ಮ ಸಾಹಿತ್ಯಪರಂಪರೆಯಲ್ಲಿ ಇಂಥದೊಂದು ಗೆರೆ ಇದ್ದಿತೇ? ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹ 'ಪಂಚತಂತ್ರ'ವನ್ನು ಕನ್ನಡಕ್ಕೆ ತಂದ. ಯುದ್ಧ ಸಂಧಿಗಳ ರಾಜಕಾರ್ಯದಲ್ಲಿ ತೊಡಗಿದ್ದ ಪ್ರೌಢನೊಬ್ಬ ನರಿ, ಕಾಗೆ, ಗೂಗೆಗಳ ಕಥೆಯನ್ನು ಚಂಪೂರೂಪದಲ್ಲಿ ಬರೆಯಲು ಕುಳಿತಾಗ ತಾನು ಹುಡುಗಾಟಿಕೆಯ ಕೆಲಸದಲ್ಲಿ ತೊಡಗಿದ್ದೇನೆಂದು ಭಾವಿಸಿದಂತೆ ತೋರುವುದಿಲ್ಲ. ಆ ಕಥೆಗಳ ಹೊರಚೌಕಟ್ಟು ಓದಿಗೆ ಒಗ್ಗದ ರಾಜಕುಮಾರರಿಗೆ ನೀತಿ ಕಲಿಸುವುದು. ಎಂದರೆ ಅದು ಹೆಸರಿಗೆ ಎಳೆಯರ ಪುಸ್ತಕ. ಅದನ್ನು ಸಾವಿರ ವರ್ಷ ಕಾಪಾಡಿಕೊಂಡು ಬಂದವರು ಮಾತ್ರ ವಿದ್ವಾಂಸರು. ನಾಗವರ್ಮನ 'ಕರ್ಣಾಟಕ ಕಾದಂಬರಿ'ಯಲ್ಲಿ ಅರಸನ ಸಭೆಗೆ ಬಂದ ಗಿಳಿಯೊಂದು ಕಥೆ ಹೇಳುತ್ತದೆ. ನಾಯಕರು ಸಾಯುತ್ತಾರೆ, ಹುಟ್ಟುತ್ತಾರೆ, ಪೂರ್ವಜನ್ಮದ ಪ್ರೇಮವನ್ನು ನೆನೆಯುತ್ತಾರೆ. ಆ ಗಿಳಿಯ ಮಾತನ್ನು ರಾಜಸಭೆ ಮೌನದಿಂದ ಕೇಳುತ್ತದೆ. ಸಂಸ್ಕೃತದ ಬಾಣನ ಗದ್ಯವನ್ನು ಎಂ.ಎ. ತರಗತಿಯಲ್ಲಿ ಪಾಠ ಮಾಡುವಾಗ ಅದನ್ನು ಮಕ್ಕಳ ಕಥೆಯೆನ್ನುವ ಧೈರ್ಯ ನಮಗಾರಿಗೂ ಬರುವುದಿಲ್ಲ. ಇಂದು ಯಾವನಾದರೂ ತರುಣ ಅಂಥ ಕಥೆಯನ್ನು ಹೊಸಗನ್ನಡದಲ್ಲಿ ಬರೆದರೆ ಪುಸ್ತಕದಂಗಡಿಯವನು ಅದನ್ನು ಎಲ್ಲಿ ಜೋಡಿಸಿಯಾನೆಂದು ಮಾತ್ರ ನಾನು ಹಲವು ಬಾರಿ ಯೋಚಿಸಿದ್ದೇನೆ.

ಕನ್ನಡದ ಗಡಿ ದಾಟಿದರೂ ಇದೇ ಮಾತು. ನಮ್ಮ ಕಲಬುರಗಿ ಸೀಮೆ ಬಹುಕಾಲ ಉರ್ದು ಆಡಳಿತದಲ್ಲಿದ್ದುದರಿಂದ ಅಮೀರ್ ಹಂಜಾನ ದಾಸ್ತಾನಿನ ಹೆಸರು ಇಲ್ಲಿಗೆ ಹೊಸದಲ್ಲ. ಮಾಂತ್ರಿಕರು, ರಕ್ಕಸರು, ಮಾಯಾನಗರಗಳಿಂದ ತುಂಬಿದ ಆ ಕಥೆಗೆ ಮೊಗಲ ಚಕ್ರವರ್ತಿ ಅಕ್ಬರ್ ಸುಮಾರು 1400 ಚಿತ್ರಗಳನ್ನು ಬರೆಯಿಸಿದ. ಆ ಕೆಲಸಕ್ಕೆ ಹದಿನೈದು ವರ್ಷಗಳಷ್ಟು ಕಾಲ ಹಿಡಿಯಿತು. ರಾಜ್ಯವಾಳುವವನು ಮಾಂತ್ರಿಕನ ಕಥೆಯನ್ನು ಕೇಳುವುದರಿಂದ ಅವನ ಪ್ರೌಢಿಮೆಗೆ ಕುಂದು ಬಂದಿತೆಂದು ಯಾವ ಇತಿಹಾಸಕಾರನೂ ಬರೆದಿಲ್ಲ.

ರಾಜಸಭೆಯಿಂದ ಹೊಲದ ಕಣಕ್ಕೆ ಬಂದರೆ ಗೆರೆ ಇನ್ನೂ ಅಳಿಸಿಹೋಗುತ್ತದೆ. ಆಳಂದ ತಾಲ್ಲೂಕಿನ ನನ್ನ ಊರಾದ ಮಾದನಹಿಪ್ಪರಗಾದಲ್ಲಿ ನಾನು ಬಾಲ್ಯದಲ್ಲಿ ಕಂಡದ್ದನ್ನೇ ಹೇಳುತ್ತೇನೆ. ತೊಗರಿಯ ರಾಶಿಯ ದಿನಗಳಲ್ಲಿ ರಾತ್ರಿ ಕಣ ಕಾಯಲು ಹೋದವರ ನಡುವೆ ನಮ್ಮ ಆಯಿ ಕಥೆ ಹೇಳುತ್ತಿದ್ದಳು. ಏಳು ಸಮುದ್ರದಾಚೆಯ ಗಿಳಿಯಲ್ಲಿ ರಕ್ಕಸನ ಪ್ರಾಣವಿರುವ ಕಥೆ ಅದು. ಕಥೆಗೆ ಒಬ್ಬರು 'ಹೂಂ' ಎನ್ನಬೇಕೆಂಬುದು ಕಟ್ಟಳೆ. ಹೂಂಗುಟ್ಟುವವರಿಲ್ಲದಿದ್ದರೆ ಕಥೆ ಮುಂದೆ ಸಾಗದು. ಮಕ್ಕಳಾದ ನಮಗೆ ಅರ್ಧ ಕಥೆಗೇ ನಿದ್ದೆ. ಕೊನೆಯವರೆಗೆ ಹೂಂಗುಟ್ಟುತ್ತಿದ್ದವರು ದಿನವಿಡೀ ದುಡಿದು ದಣಿದ ಗಂಡಸರು, ಹೆಂಗಸರು. ನಾವು ಮಲಗಿದೆವೆಂದು ಆಯಿ ಕಥೆಯನ್ನು ನಿಲ್ಲಿಸಿದವಳಲ್ಲ. ಊರ ಜಾತ್ರೆಯಲ್ಲಿ ಬೆಳತನಕ ನಡೆಯುವ ದೊಡ್ಡಾಟದ ಮುಂದೆ ಕುಳಿತವರೂ ಇವರೇ. ರಕ್ಕಸನ ವೇಷ ರಂಗಕ್ಕೆ ಬಂದಾಗ ಮೈ ಜುಮ್ಮೆನ್ನಿಸಿಕೊಳ್ಳುವುದಕ್ಕೆ ಅವರಲ್ಲಿ ಯಾರೂ ನಾಚಿದುದನ್ನು ನಾನು ಕಂಡಿಲ್ಲ.

ಹಾಗಾದರೆ ಈ ಗೆರೆ ಎಂದು ಮೂಡಿತು? ಅಚ್ಚುಕೂಟ ಬಂದು, ಶಾಲೆ ಬಂದು, ವಯಸ್ಸಿಗೆ ತಕ್ಕಂತೆ ತರಗತಿಗಳೂ ತರಗತಿಗೆ ತಕ್ಕಂತೆ ಪುಸ್ತಕಗಳೂ ವಿಂಗಡವಾದ ಮೇಲೆ ಎಂದು ಹೇಳಬಹುದು. ಈ ವಿಂಗಡಣೆಯಿಂದ ನಮಗೆ ಲಾಭವೇನೂ ಕಡಿಮೆಯಾಗಲಿಲ್ಲ. ಪಂಜೆ ಮಂಗೇಶರಾಯರು, ಜಿ. ಪಿ. ರಾಜರತ್ನಂ, 'ಬಾಲಪ್ರಪಂಚ'ವನ್ನು ಸಿದ್ಧಪಡಿಸಿದ ಶಿವರಾಮ ಕಾರಂತರು, ಬ್ರೌನಿಂಗನ ಕವಿತೆಯನ್ನು ಬೊಮ್ಮನಹಳ್ಳಿಗೆ ತಂದ ಕುವೆಂಪು, 'ಆಲಿಸ್'ಳನ್ನು 'ಪಾತಾಳದಲ್ಲಿ ಪಾಪಚ್ಚಿ'ಯಾಗಿಸಿದ ನಾ. ಕಸ್ತೂರಿ—ಇವರೆಲ್ಲ ಮಗುವಿಗೆ ತನ್ನದೇ ಆದ ಓದು ಬೇಕೆಂದು ಮನಗಂಡುದರಿಂದಲೇ ಕನ್ನಡದಲ್ಲಿ ಶಿಶುಸಾಹಿತ್ಯವೆಂಬುದು ತಲೆಯೆತ್ತಿತು. ಆದರೆ ಇವರಲ್ಲಿ ಒಬ್ಬರೂ ಮಕ್ಕಳ ಕೋಣೆಗೆ ಹೊರಗಿನಿಂದ ಬೀಗ ಹಾಕಿದವರಲ್ಲ. 'ರತ್ನನ ಪದಗಳು' ಬರೆದ ಕೈಯೇ ತುತ್ತೂರಿಯ ಪದ್ಯವನ್ನೂ ಬರೆಯಿತು. ಕುಡುಕನ ಬಾಯಿಗೂ ಕೂಸಿನ ಬಾಯಿಗೂ ಒಂದೇ ಕವಿ ಮಾತು ಕೊಟ್ಟನೆಂದರೆ, ಆ ಎರಡು ಲೋಕಗಳ ನಡುವಿನ ಗೋಡೆ ಎಷ್ಟು ತೆಳುವಾದುದೆಂಬುದು ಸ್ಪಷ್ಟ.

ಇಂದಿನ ಅದ್ಭುತ ಕಾದಂಬರಿಗೆ ಕನ್ನಡದಲ್ಲಿ ಅತ್ಯಂತ ಸಮೀಪದ ದೃಷ್ಟಾಂತ 'ಚಂದಮಾಮ'. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ 1947ರಲ್ಲಿ ಮದರಾಸಿನಲ್ಲಿ ಈ ಮಾಸಪತ್ರಿಕೆಯನ್ನು ತೆಲುಗು ತಮಿಳುಗಳಲ್ಲಿ ಆರಂಭಿಸಿದರು. ಕನ್ನಡದ ಆವೃತ್ತಿ 1949ರಲ್ಲಿ ಬಂದಿತು. ನಮ್ಮ ಗಡಿಯ ಊರುಗಳಲ್ಲಿ ಮರಾಠಿ ಓದಬಲ್ಲವರಿಗೆ ಅದೇ ಪತ್ರಿಕೆ 'ಚಾಂದೋಬಾ' ಎಂಬ ಹೆಸರಿನಲ್ಲಿ ದೊರೆಯುತ್ತಿತ್ತು. ಮಾಂತ್ರಿಕರ, ರಕ್ಕಸರ, ಮಾಯಾದ್ವೀಪಗಳ ಧಾರಾವಾಹಿಗಳನ್ನು ತಿಂಗಳಿಗೊಂದು ಕಂತಿನಂತೆ ವರ್ಷಗಟ್ಟಲೆ ಬರೆದವರು ತೆಲುಗಿನ ದಾಸರಿ ಸುಬ್ರಹ್ಮಣ್ಯಂ, 2010ರಲ್ಲಿ ತೀರಿಕೊಂಡರು. ಅವರ ಧಾರಾವಾಹಿಗಳು ಅನುವಾದದ ಮೂಲಕ ಇತರ ಭಾಷೆಗಳಿಗೂ ಹೋದುವು. ಆ ಧಾರಾವಾಹಿಗಳ ಮೇಲೆ ಅವರ ಹೆಸರು ಅಚ್ಚಾಗುತ್ತಿರಲಿಲ್ಲ. ಲಕ್ಷಾಂತರ ಮನೆಗಳಲ್ಲಿ ಓದಿದ ಕಾದಂಬರಿಕಾರನ ಹೆಸರು ಓದಿದವರಿಗೆ ಗೊತ್ತಿಲ್ಲವೆಂದರೆ, 'ಮಕ್ಕಳ ಕಥೆ' ಎಂಬ ಪದದೊಳಗಿನ ತಾತ್ಸಾರಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೇ? ಬೇತಾಳನನ್ನು ಹೆಗಲಿಗೇರಿಸಿ ನಡೆವ ವಿಕ್ರಮನ ಚಿತ್ರವನ್ನು ನಮ್ಮ ಕಣ್ಣಲ್ಲಿ ನಿಲ್ಲಿಸಿದ ಕಲಾವಿದ ಶಂಕರ್ 2020ರಲ್ಲಿ ನಿಧನರಾದರು. ಪತ್ರಿಕೆ ಅದಕ್ಕೂ ಮೊದಲೇ, 2013ರ ವೇಳೆಗೆ, ನಿಂತುಹೋಗಿದ್ದಿತು. ಹೆಸರಿಗೆ ಅದು ಮಕ್ಕಳ ಪತ್ರಿಕೆ; ಮನೆಯಲ್ಲಿ ಅದನ್ನು ಮೊದಲು ಕೈಗೆತ್ತಿಕೊಳ್ಳುತ್ತಿದ್ದವರು ಯಾರೆಂಬುದನ್ನು ಅಂದಿನ ಮಕ್ಕಳೆಲ್ಲ ಬಲ್ಲರು.

ಬೆಳೆದವರಿಗೆ ಅಲ್ಲಿ ದೊರೆಯುತ್ತಿದ್ದುದಾದರೂ ಏನು? ಬೇತಾಳನ ಕಥೆಯನ್ನೇ ನೋಡಿರಿ. ಅದು ಕಥೆಯಾಗಿ ಮುಗಿಯುವುದಿಲ್ಲ, ಪ್ರಶ್ನೆಯಾಗಿ ಮುಗಿಯುತ್ತದೆ. ತ್ಯಾಗಿಗಳಲ್ಲಿ ಹೆಚ್ಚಿನ ತ್ಯಾಗಿ ಯಾರು, ತಪ್ಪು ಯಾರದು, ವಧು ಯಾರಿಗೆ ಸಲ್ಲತಕ್ಕವಳು—ಇವೆಲ್ಲ ವಿವೇಚನೆಯ ಪ್ರಶ್ನೆಗಳು. ಉತ್ತರ ಬಲ್ಲವನು ಬಾಯಿ ಮುಚ್ಚಿದರೆ ತಲೆ ಹೋಳಾಗುತ್ತದೆ. ಬಾಯಿ ತೆರೆದರೆ ಕೈಗೆ ಬಂದ ಕಾರ್ಯ ಕೆಡುತ್ತದೆ. ಈ ಇಕ್ಕಟ್ಟು ಎಂಟು ವರ್ಷದ ಹುಡುಗನಿಗೆ ಸೊಗಸಾದ ಆಟ. ನಲವತ್ತು ದಾಟಿ, ಸತ್ಯ ಹೇಳಿದರೂ ಕಷ್ಟ ಸುಮ್ಮನಿದ್ದರೂ ಕಷ್ಟ ಎಂಬ ಸಂದರ್ಭಗಳನ್ನು ಕಂಡವನಿಗೆ ಅದು ಆಟವಾಗಿ ಉಳಿಯುವುದಿಲ್ಲ. ತಲೆಗಳು ಅದಲುಬದಲಾದ ಇಬ್ಬರಲ್ಲಿ ಗಂಡ ಯಾರೆಂಬ ಬೇತಾಳ ಪ್ರಶ್ನೆಗೆ ಹಳೆಯ ಕಥೆಯಲ್ಲಿ ಉತ್ತರವಿದೆ: ತಲೆಯೇ ಪ್ರಧಾನ, ಆದುದರಿಂದ ಗಂಡನ ತಲೆಯುಳ್ಳವನೇ ಗಂಡ. ಉತ್ತರದೊಡನೆ ಕಥೆಯೂ ಮುಗಿಯುತ್ತದೆ. ಜರ್ಮನಿಯ ತೋಮಸ್ ಮಾನ್ 1940ರಲ್ಲಿ ಆ ಉತ್ತರದಿಂದಾಚೆಗೆ ಕಥೆಯನ್ನು ಬೆಳೆಯಿಸಿದ. ಗಿರೀಶ ಕಾರ್ನಾಡರು 1971ರ 'ಹಯವದನ'ದಲ್ಲಿ ಅದನ್ನೇ ಅಪೂರ್ಣತೆಯ ದುರಂತವಾಗಿಸಿದರು. ಬೆಳೆದವನೊಬ್ಬ ಆ ಕಥೆಯನ್ನು ಕೈಬಿಡದೆ ಹಿಡಿದುಕೊಂಡಿದ್ದುದರಿಂದಲ್ಲವೇ ನಮಗೆ ಈ ನಾಟಕ ದಕ್ಕಿದ್ದು?

ಇನ್ನೊಂದು ಕಥೆಯ ಮುಂದೆ ತುಸು ಹೊತ್ತು ನಿಲ್ಲಬೇಕು. ಎ. ಕೆ. ರಾಮಾನುಜನ್ ಕನ್ನಡ ನಾಡಿನಲ್ಲಿ ಸಂಗ್ರಹಿಸಿದ ಹೂವಾಗುವ ಹುಡುಗಿಯ ಕಥೆ ಅದು. ಬಡ ತಾಯಿಯ ಕಿರಿಯ ಮಗಳು, ಎರಡು ಬಿಂದಿಗೆ ನೀರಿನಿಂದ ತಾನು ಹೂಮರವಾಗಿ ಮತ್ತೆ ಹುಡುಗಿಯಾಗಬಲ್ಲಳು. ಹೂವನ್ನು ನೋವಾಗದಂತೆ ಬಿಡಿಸಬೇಕು, ರೆಂಬೆ ಮುರಿಯಬಾರದು ಎಂಬುದೊಂದೇ ಅವಳ ಷರತ್ತು. ಹೂ ಮಾರಿ ತಾಯಿಗೆ ನೆರವಾಗಲೆಂದು ಪಡೆದ ಶಕ್ತಿ ಅವಳನ್ನು ಅರಸುಮಗನ ಅರಮನೆಗೆ ಒಯ್ಯುತ್ತದೆ. ಅಲ್ಲಿ ಗಂಡನಿಗೂ ಅದೊಂದು ವಿಲಾಸ, ನಾದಿನಿಗೂ ಅದೊಂದು ಮೋಜು. ನಾದಿನಿಯ ಗೆಳತಿಯರು ಒರಟಾಗಿ ರೆಂಬೆಗಳನ್ನು ಮುರಿದು ಹಾಕಿದಾಗ ಅವಳು ಕೈಕಾಲಿಲ್ಲದ ಅರೆಜೀವವಾಗಿ ಉಳಿಯುತ್ತಾಳೆ. ಮುರಿದ ರೆಂಬೆಯನ್ನು ಒಂದೊಂದಾಗಿ ಸರಿಪಡಿಸಿ ನೀರೆರೆದಾಗಲೇ ಅವಳಿಗೆ ಮೈ ಮರಳುವುದು. ಮಗು ಇದನ್ನು ಮಾಯೆಯ ಕಥೆಯಾಗಿ ಕೇಳುತ್ತದೆ. ಹೊಸದಾಗಿ ಗಂಡನ ಮನೆಗೆ ಬಂದವಳೊಬ್ಬಳು ಇದರಲ್ಲಿ ಏನನ್ನು ಕೇಳುತ್ತಾಳೆಂಬುದನ್ನು ನಾನು ವಿವರಿಸಬೇಕಾಗಿಲ್ಲ. ಸ್ತ್ರೀಯರು ಹೇಳಿಕೊಂಡು ಬಂದ ಕಥೆಗಳಲ್ಲಿ ಬೇರೊಂದು ಲೋಕದೃಷ್ಟಿಯೇ ಅಡಗಿದೆಯೆಂದು ರಾಮಾನುಜನ್ ತೋರಿಸಿಕೊಟ್ಟರು. ಕಾರ್ನಾಡರು 1992ರಲ್ಲಿ ಇದನ್ನು 'ಚೆಲುವಿ' ಎಂಬ ಚಲನಚಿತ್ರವಾಗಿಸಿದರು. 2006ರಲ್ಲಿ ಅಮೆರಿಕದ ಸಂಗೀತಕಾರ ಜಾನ್ ಆಡಮ್ಸ್ ಇದೇ ಕಥೆಯ ಮೇಲೆ ರಚಿಸಿದ ಗೀತನಾಟಕ ವಿಯೆನ್ನಾದಲ್ಲಿ ಪ್ರದರ್ಶಿತವಾಯಿತು. ನಮ್ಮ ಅಡುಗೆಮನೆಯ ಕತ್ತಲಲ್ಲಿ ಕೂಸಿಗೆ ಉಣ್ಣಿಸುತ್ತ ಹೇಳುವಂಥ ಕಥೆ ವಿಯೆನ್ನಾದ ರಂಗಮಂದಿರವನ್ನು ಸೇರಿತು. ಎಳೆಯರ ಕಥೆಯಲ್ಲಿ ಬದುಕಿನ ದ್ವಂದ್ವಗಳಿಗೆ ಎಡೆಯಿಲ್ಲವೆಂಬ ಗ್ರಹಾಂ ಅವರ ಮಾತಿಗೆ ಇದಕ್ಕಿಂತ ಬೇರೆ ಉತ್ತರವನ್ನು ನಾನು ಹುಡುಕಲಾರೆ.

ನಮ್ಮ ಮೀಮಾಂಸೆಯ ಮಾತಿನಲ್ಲಿ ಹೇಳುವುದಾದರೆ, ಭರತನು ಎಣಿಸಿದ ಎಂಟು ರಸಗಳಲ್ಲಿ ಅದ್ಭುತವೂ ಒಂದು. ಅದರ ಸ್ಥಾಯಿ ವಿಸ್ಮಯ. ಶೃಂಗಾರ ಯುವಕರಿಗೆ, ಶೋಕ ಮುದುಕರಿಗೆ, ವಿಸ್ಮಯ ಮಕ್ಕಳಿಗೆ ಎಂದು ಯಾವ ಲಾಕ್ಷಣಿಕನೂ ಹಂಚಿಕೊಟ್ಟಿಲ್ಲ. ಸ್ಥಾಯಿಯೆಂದರೆ ನೆಲೆಯಾಗಿ ನಿಲ್ಲುವಂಥದು. ಹನ್ನೆರಡು ವರ್ಷಕ್ಕೆ ಉದುರಿಹೋಗುವ ಹಾಲುಹಲ್ಲಲ್ಲ. ಪಾಶ್ಚಾತ್ಯರಲ್ಲಿಯೂ ಇದನ್ನು ಬಲ್ಲವರಿದ್ದರು. ಟೋಲ್ಕಿನ್ 1939ರ ಒಂದು ಉಪನ್ಯಾಸದಲ್ಲಿ, ಅದ್ಭುತ ಕಥೆಗಳು ಮಕ್ಕಳ ಪಾಲಿಗೆ ಬಂದುದು ಅವು ಮಕ್ಕಳವೆಂಬುದರಿಂದಲ್ಲ, ದೊಡ್ಡವರಿಗೆ ಬೇಡವಾದ ಹಳೆಯ ಪೀಠೋಪಕರಣವನ್ನು ಮಕ್ಕಳ ಕೋಣೆಗೆ ಸಾಗಿಸುವಂತೆ ಎಂಬ ಅಭಿಪ್ರಾಯವನ್ನು ಮಂಡಿಸಿದರು. ಮಕ್ಕಳಿಗೆ ಮಾತ್ರ ರುಚಿಸುವ ಮಕ್ಕಳ ಕಥೆ ಒಳ್ಳೆಯ ಕಥೆಯೇ ಅಲ್ಲವೆಂದು ಸಿ. ಎಸ್. ಲೂಯಿಸ್ 1952ರಲ್ಲಿ ವಾದಿಸಿದರು.

ಹಾಗೆಂದು ವಿರೋಧಿಗಳ ಮಾತನ್ನು ಪೂರ್ಣವಾಗಿ ತಳ್ಳಿಹಾಕುವವನು ನಾನಲ್ಲ. ಗುಣದ ಪ್ರಶ್ನೆ ಇನ್ನೂ ಹಾಗೆಯೇ ಉಳಿದಿದೆ. ವಿಸ್ಮಯದಲ್ಲಿ ಎರಡು ಬಗೆಯುಂಟು. ಒಂದು ನಮ್ಮನ್ನು ಬೆರಗುಗೊಳಿಸಿ, ಮರಳಿ ಬಂದಾಗ ನಮ್ಮ ಮನೆಯ ಮುಂದಿನ ಮರವನ್ನೇ ಹೊಸದಾಗಿ ಕಾಣಿಸುತ್ತದೆ. ಇನ್ನೊಂದು ಬರಿಯ ಗಾರುಡಿ. ಪುಟಕ್ಕೊಂದು ಪವಾಡ, ಪವಾಡಕ್ಕೊಂದು ಚಪ್ಪಾಳೆ, ಪುಸ್ತಕ ಮುಚ್ಚಿದ ಮೇಲೆ ಬರಿದು. ಒಳ್ಳೆಯ ಅದ್ಭುತ ಕಥೆಯಲ್ಲಿ ಮಾಯೆಗೂ ನಿಯಮವಿರುತ್ತದೆ, ಅದಕ್ಕೊಂದು ಬೆಲೆ ತೆರಬೇಕಾಗುತ್ತದೆ. ಹೂವಾಗುವ ಹುಡುಗಿ ಆ ಬೆಲೆಯನ್ನು ತನ್ನ ಮೈಯಿಂದಲೇ ತೆತ್ತಳು. ಬೆಲೆಯಿಲ್ಲದ ಮಾಯೆ ಮಕ್ಕಳಿಗೂ ಹಿತವಲ್ಲ, ದೊಡ್ಡವರಿಗೂ ಹಿತವಲ್ಲ. ಆದುದರಿಂದ ಕೇಳಬೇಕಾದ ಪ್ರಶ್ನೆ ಪುಸ್ತಕದ ಬೆನ್ನಿನ ಮೇಲೆ ಯಾವ ವಯಸ್ಸು ಅಚ್ಚಾಗಿದೆಯೆಂಬುದಲ್ಲ, ಎರಡನೆಯ ಓದಿಗೆ ಅದು ನಿಲ್ಲುತ್ತದೆಯೇ ಎಂಬುದು.

ಎರಡನೆಯ ಭಯವೂ ಸುಳ್ಳಲ್ಲ. ಬಿ.ಎ. ತರಗತಿಗೆ ಬರುವ ಕೆಲವು ಚುರುಕಾದ ವಿದ್ಯಾರ್ಥಿಗಳು ಇಂಗ್ಲಿಷಿನ ಅದ್ಭುತ ಮಾಲೆಗಳನ್ನು ಒಂದರ ಮೇಲೊಂದರಂತೆ ಮುಗಿಸುತ್ತಾರೆ. ಪಂಪನ ಒಂದು ಪದ್ಯ ಎದುರಾದರೆ ಬೇಸತ್ತು ಕೂಡುತ್ತಾರೆ. ಸಿಹಿಯನ್ನೇ ಉಂಡ ನಾಲಗೆಗೆ ಜೋಳದ ರೊಟ್ಟಿ ಸಪ್ಪೆಯಾಗುವುದು ಸಹಜ. ಆದರೆ ಇದಕ್ಕೆ ಮದ್ದು ಸಿಹಿಯನ್ನು ನಿಷೇಧಿಸುವುದಲ್ಲ. ಆ ಹುಡುಗನಿಗೆ ನಾಗವರ್ಮನ ಗಿಳಿಯನ್ನು ಪರಿಚಯಿಸಿದರೆ, ವಿಕ್ರಮಾರ್ಜುನನ ದಾರಿ ಅಲ್ಲಿಂದ ಬಹುದೂರವಿಲ್ಲ. ಅವನು ಪ್ರೀತಿಸುವ ಅದ್ಭುತ ಅವನ ಭಾಷೆಯಲ್ಲಿ ಸಾವಿರ ವರ್ಷದಿಂದ ಇದೆಯೆಂಬುದನ್ನು ಅವನಿಗೆ ಹೇಳಿದವರಾರು? ನಮ್ಮಲ್ಲಿ ಅನೇಕ ಅಧ್ಯಾಪಕರು ಅವನ ಕೈಯಲ್ಲಿನ ಪುಸ್ತಕವನ್ನು ಕಂಡು ಹುಬ್ಬು ಗಂಟಿಕ್ಕುತ್ತಾರೆ. ಆ ಗಂಟಿಗೆ ಹೆದರಿ ಅವನು ನಮ್ಮೊಡನೆ ಓದಿನ ಮಾತನ್ನೇ ನಿಲ್ಲಿಸುತ್ತಾನೆ. ವಿಚಿತ್ರವೆಂದರೆ 2015ರಲ್ಲಿ, 2017ರಲ್ಲಿ 'ಬಾಹುಬಲಿ'ಯನ್ನೂ 2022ರಲ್ಲಿ 'ಕಾಂತಾರ'ವನ್ನೂ ನೋಡಲು ಇದೇ ಗಂಭೀರ ಜನ ಸಂಸಾರಸಮೇತ ಸಾಲು ನಿಂತಿದ್ದರು. ತೆರೆಯ ಮೇಲಿನ ಅದ್ಭುತಕ್ಕೆ ಇಲ್ಲದ ನಾಚಿಕೆ ಪುಟದ ಮೇಲಿನ ಅದ್ಭುತಕ್ಕೆ ಏತಕ್ಕೆ?

ಇನ್ನು ಈ ವಿಷಯ ನಮ್ಮ ಪ್ರಾಂತಕ್ಕೆ ತಾಗುವ ಬಗೆಯನ್ನು ಹೇಳಬೇಕು. 2011ರ ಜನಗಣತಿಯಂತೆ ರಾಜ್ಯದ ಸಾಕ್ಷರತೆ ಶೇಕಡಾ 75ರಷ್ಟಿದ್ದಾಗ ನಮ್ಮ ಜಿಲ್ಲೆಯದು ಶೇಕಡಾ 65ರಷ್ಟು. ಸ್ತ್ರೀಯರದು ಶೇಕಡಾ 55ರಷ್ಟು. ಈ ಅಂಕಿಗಳ ಅರ್ಥವೇನೆಂದರೆ, ಆಳಂದ, ಅಫಜಲಪುರ, ಜೇವರ್ಗಿಯ ಹಳ್ಳಿಗಳಲ್ಲಿ ಎಷ್ಟೋ ಮನೆಗಳಲ್ಲಿ ಮೊದಲ ಓದುಗ ಇಂದಿನ ಮಗುವೇ. ಆ ಮನೆಯಲ್ಲಿ ಮಕ್ಕಳ ಪುಸ್ತಕವೊಂದು ಬಂದರೆ ಅದೇ ಮನೆಯ ಮೊದಲ ಪುಸ್ತಕ. ಮಧ್ಯವಯಸ್ಸಿನಲ್ಲಿ ಅಕ್ಷರ ಕಲಿತ ತಾಯಿ ಕೂಡಿಸಿ ಕೂಡಿಸಿ ಓದಲು ತೊಡಗುವುದೂ ಅದನ್ನೇ. ದೊಡ್ಡ ಅಕ್ಷರ, ಸಣ್ಣ ವಾಕ್ಯ, ಕಣ್ಣಿಗೆ ಹಿತವಾದ ಚಿತ್ರ, ಚಿಕ್ಕಂದಿನಲ್ಲಿ ಕೇಳಿದ ರಕ್ಕಸನ ಕಥೆ—ಇಷ್ಟು ಇದ್ದರೆ ಅವಳಿಗೆ ಓದು ಒಗ್ಗುತ್ತದೆ. 'ಇದು ಚಿಕ್ಕವರದು, ನಿನಗಲ್ಲ' ಎಂದು ಅವಳಿಗೆ ಹೇಳುವ ಅಧಿಕಾರ ಯಾವ ವಿಮರ್ಶಕನಿಗಿದೆ? ಲಂಡನ್ನಿನಲ್ಲಿ, ನ್ಯೂಯಾರ್ಕಿನಲ್ಲಿ ಈ ಚರ್ಚೆ ಅತಿಯಾಗಿ ಓದಿದವರ ಅಭಿರುಚಿಯನ್ನು ಕುರಿತದ್ದು. ನಮ್ಮಲ್ಲಿ ಅದು ಓದೆಂಬುದು ಮನೆಯೊಳಗೆ ಕಾಲಿಡುವುದೋ ಇಲ್ಲವೋ ಎಂಬುದನ್ನು ಕುರಿತದ್ದು.

ಇದಕ್ಕೆ ಅನುಕೂಲಗಳು ಇಂದು ಇಲ್ಲವೆಂದಲ್ಲ. 2019ರಲ್ಲಿ ರಾಜ್ಯದ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಬಂದುವು. 2020ರಲ್ಲಿ 'ಓದುವ ಬೆಳಕು' ಎಂಬ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು. ಈಗ ಅವು 'ಅರಿವು ಕೇಂದ್ರ'ಗಳೆನಿಸಿವೆ. ಬರಹಗಾರರೂ ಇದ್ದಾರೆ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲಸಾಹಿತ್ಯಕ್ಕೆ ಪುರಸ್ಕಾರ ಕೊಡುತ್ತಿದೆ. ಕನ್ನಡದಲ್ಲಿ 2021ರಲ್ಲಿ ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ', 2022ರಲ್ಲಿ ತಮ್ಮಣ್ಣ ಬೀಗಾರ ಅವರ 'ಬಾವಲಿ ಗುಹೆ', 2023ರಲ್ಲಿ ವಿಜಯಶ್ರೀ ಹಾಲಾಡಿ ಅವರ 'ಸೂರಕ್ಕಿ ಗೇಟ್', 2024ರಲ್ಲಿ ಕೃಷ್ಣಮೂರ್ತಿ ಬಿಳಿಗೆರೆ ಅವರ 'ಛೂಮಂತ್ರಯ್ಯನ ಕಥೆಗಳು' ಈ ಗೌರವ ಪಡೆದುವು. ಈ ನಾಲ್ಕರಲ್ಲಿ ಒಂದನ್ನಾದರೂ ಓದಿದ ಕಾಲೇಜು ಅಧ್ಯಾಪಕರು ನಮ್ಮ ವಿಚಾರಸಂಕಿರಣಗಳಲ್ಲಿ ಎಷ್ಟು ಮಂದಿ ಸಿಗುತ್ತಾರೆಂದು ವಾಚಕರೇ ಯೋಚಿಸಬೇಕು. ನಾವು ಓದುವುದಿಲ್ಲ, ಆದುದರಿಂದ ವಿಮರ್ಶಿಸುವುದಿಲ್ಲ. ವಿಮರ್ಶೆಯಿಲ್ಲದುದರಿಂದ ಒಳ್ಳೆಯದೂ ಕೆಟ್ಟದೂ ಒಂದೇ ಕಪಾಟಿನಲ್ಲಿ ಧೂಳು ಹಿಡಿಯುತ್ತವೆ. ಹೊಸ ಲೇಖಕನಿಗೆ ತನ್ನ ಬರೆಹ ಎಲ್ಲಿ ಗೆದ್ದಿತು, ಎಲ್ಲಿ ಸೋತಿತೆಂದು ಹೇಳುವವರಿಲ್ಲ. ಕೊನೆಗೆ ಕನ್ನಡದಲ್ಲಿ ಮಕ್ಕಳಿಗೆ ಓದಲು ಏನೂ ಇಲ್ಲವೆಂದು ನಾವೇ ದೂರುತ್ತ ಇಂಗ್ಲಿಷ್ ಪುಸ್ತಕವನ್ನು ಕೊಂಡುತರುತ್ತೇವೆ.

ಗ್ರಂಥಾಲಯದ ಬಾಗಿಲು ತೆರೆದರೆ ಸಾಲದು. ಅಲ್ಲಿನ ಪುಸ್ತಕವನ್ನು ಕೈಗೆತ್ತಿಕೊಂಡು 'ಇದು ಚೆನ್ನಾಗಿದೆ, ಓದು' ಎನ್ನಬಲ್ಲ ದೊಡ್ಡವರೊಬ್ಬರು ಬೇಕು. ಆ ಮಾತಿನಲ್ಲಿ ಪ್ರಾಮಾಣಿಕತೆ ಇರಬೇಕಾದರೆ ಅವರು ಅದನ್ನು ತಾವೇ ಓದಿ ಸಂತೋಷಪಟ್ಟಿರಬೇಕು. ಕರ್ತವ್ಯವೆಂದು ಹೊಗಳಿದ ಪುಸ್ತಕದ ವಾಸನೆಯನ್ನು ಮಕ್ಕಳು ದೂರದಿಂದಲೇ ಹಿಡಿಯಬಲ್ಲರು.

ನಮ್ಮ ಜಿಲ್ಲೆಯ ಮಳಖೇಡದ ರಾಷ್ಟ್ರಕೂಟ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ' ಈ ನಾಡಿನ ಜನ ಪುಸ್ತಕ ಹಿಡಿದು ಕಲಿಯದೆಯೇ ಕಾವ್ಯದ ಜಾಣ್ಮೆಯನ್ನು ಬಲ್ಲವರೆಂದು ಮೆಚ್ಚಿಕೊಂಡಿತು. ಎಳೆಯರಿಗೂ ಮೂಗರಿಗೂ ತಮ್ಮದೇ ಅರಿವುಂಟೆಂದು ಒಪ್ಪಿತು. ಒಂಬತ್ತನೆಯ ಶತಮಾನದ ಲಾಕ್ಷಣಿಕನಿಗೆ ಇದ್ದ ಔದಾರ್ಯ ಇಪ್ಪತ್ತೊಂದನೆಯ ಶತಮಾನದ ಅಧ್ಯಾಪಕರಾದ ನಮಗೆ ಇರಬಾರದೆಂದಿಲ್ಲ. ಎಳೆಯರ ಅದ್ಭುತ ಕಾದಂಬರಿಯನ್ನು ಬೆಳೆದವರು ಓದಬಹುದೇ ಎಂಬ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಓದಬಹುದು, ಒಳ್ಳೆಯದನ್ನು ಆರಿಸಿ ಓದಬೇಕು, ಅದರಲ್ಲಿಯೇ ನಿಂತುಬಿಡಬಾರದು, ಓದಿದುದನ್ನು ಬಚ್ಚಿಡಲೂ ಬಾರದು. ಹೇಳದೆ ಬಚ್ಚಿಟ್ಟ ಕಥೆ ಸಿಟ್ಟಿಗೆದ್ದು ಮನೆಯಿಂದ ಹೊರಬಿದ್ದು ಮನೆಯವರಿಗೇ ಕೇಡು ತಂದಿತೆಂದು ನಮ್ಮ ಜನಪದರಲ್ಲಿ ಒಂದು ಕಥೆಯಿದೆ. ಅದನ್ನು ಅಡಗೂಲಜ್ಜಿಯ ಕಥೆಯೆಂದು ತಳ್ಳಿಹಾಕುವ ಮುನ್ನ ನಾವು ಎರಡು ಬಾರಿ ಯೋಚಿಸುವುದು ಒಳಿತು.